ಗುಡ್ಡ ಓಡುವ ಹೆಂಗಸರು: ಹಳೆಯ ಸುಳ್ಳು, ಹೊಸ ಸುಳ್ಳು

ಉತ್ತರ ಇಂಗ್ಲೆಂಡಿನ ಬೋಳು ಗುಡ್ಡಗಳಿಗೆ ಫೆಲ್ ಎನ್ನುತ್ತಾರೆ. ಅವುಗಳನ್ನು ಹತ್ತಿಳಿದು ಓಡುವುದೇ ಫೆಲ್ ರನ್ನಿಂಗ್. ಈ ಆಟದ ಹೆಂಗಸರ ಬಗ್ಗೆ ಹಳೆಯ ತಪ್ಪು ತಿಳಿವಳಿಕೆಗಳಿವೆ. ಅವರನ್ನು ಹೊಗಳುವ ಭರದಲ್ಲಿ ಹುಟ್ಟಿಕೊಂಡ ಹೊಸದೊಂದೂ ಇದೆ.

ತಪ್ಪು ಕಲ್ಪನೆ: ಗುಡ್ಡಗಳು ಚಿಕ್ಕವು, ಓಟವೂ ಸಲೀಸು.

ಸತ್ಯ: ಇಂಗ್ಲೆಂಡಿನ ಅತಿ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು. ಆದರೆ ಲೇಕ್ ಡಿಸ್ಟ್ರಿಕ್ಟ್‌ನ ಬಾಬ್ ಗ್ರಹಾಂ ರೌಂಡ್‌ನಲ್ಲಿ 42 ಶಿಖರಗಳನ್ನು ಮುಟ್ಟಿ 24 ಗಂಟೆಯೊಳಗೆ ಕೆಸ್ವಿಕ್ ಊರಿಗೆ ಮರಳಬೇಕು. ದೂರ ನೂರು ಕಿಲೋಮೀಟರ್ ಮೀರುತ್ತದೆ, ಒಟ್ಟು ಏರು 8,000 ಮೀಟರ್ ದಾಟುತ್ತದೆ. ಹಲವೆಡೆ ಕಾಲುದಾರಿಯೂ ಇಲ್ಲ; ಜವುಗು, ಸಡಿಲ ಕಲ್ಲು. ಮಂಜು ಕವಿದರೆ ನಕ್ಷೆ, ದಿಕ್ಸೂಚಿಯೇ ಗತಿ. ಕಡಿದಾದ ಏರಿನಲ್ಲಿ ಪಳಗಿದವರೂ ಮೊಣಕಾಲಿಗೆ ಕೈಯೂರಿ ನಡೆಯುತ್ತಾರೆ.

ತಪ್ಪು ಕಲ್ಪನೆ: ಹೆಂಗಸರು ಇಲ್ಲಿಗೆ ಇತ್ತೀಚೆಗೆ ಬಂದವರು.

ಸತ್ಯ: 1955ರಲ್ಲಿ 16 ವರ್ಷದ ಕ್ಯಾಥ್ಲೀನ್ ಕೊನೊಚಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಓಟಕ್ಕೆ ನಿಂತಳು. ಹುಡುಗಿಗೆ ಅಧಿಕೃತ ಅವಕಾಶವಿರಲಿಲ್ಲ. ಗಂಡಸರು ಹೊರಟ ಎರಡು ನಿಮಿಷದ ನಂತರ ಹೊರಟು, ಸುಮಾರು ಮೂರು ಗಂಟೆಯಲ್ಲಿ ಶಿಖರ ಮುಟ್ಟಿ ಕೆಳಗೆ ಬಂದಳು. 1977ರಲ್ಲಿ ಜೀನ್ ಡಾಸ್ ಬಾಬ್ ಗ್ರಹಾಂ ರೌಂಡ್ ಪೂರೈಸಿದ ಮೊದಲ ಮಹಿಳೆಯಾದರು. ವೇಲ್ಸ್‌ನಲ್ಲಿ 47 ಶಿಖರಗಳ ಪ್ಯಾಡಿ ಬಕ್ಲಿ ರೌಂಡ್ ಇದೆ. ಅದನ್ನು 1982ರಲ್ಲಿ ಮೊಟ್ಟಮೊದಲು ಪೂರೈಸಿದವರು ವೆಂಡಿ ಡಾಡ್ಸ್. ಮಹಿಳೆಯರಲ್ಲಿ ಮೊದಲಿಗರಲ್ಲ, ಎಲ್ಲರಲ್ಲೂ ಮೊದಲಿಗರು. ಇದು ಹೆಚ್ಚು ಜನಕ್ಕೆ ಗೊತ್ತಿಲ್ಲದಿರುವುದೇ ಸೋಜಿಗ.

ತಪ್ಪು ಕಲ್ಪನೆ: ಕಾಯಿಲೆ, ಬಾಣಂತನ ಬಂದರೆ ಓಟ ಮುಗಿದಂತೆ.

ಸತ್ಯ: ಓಟಗಾರ್ತಿ ಏಂಜೆಲಾ ಮಜ್ ಹುಟ್ಟುವಾಗ ಪಾದಗಳು ಹಿಂದಕ್ಕೆ ತಿರುಗಿದ್ದವು, ಆದರೂ 2000ದಲ್ಲಿ ಅವರು ಪರ್ವತ ಓಟದ ವಿಶ್ವ ಟ್ರೋಫಿ ಗೆದ್ದರು. ಯಾರ್ಕ್‌ಶೈರಿನ ರೈತ ಮಹಿಳೆ ನಿಕಿ ಸ್ಪಿಂಕ್ಸ್‌ಗೆ 2006ರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಹತ್ತು ವರ್ಷದ ನಂತರ ಬಾಬ್ ಗ್ರಹಾಂ ರೌಂಡನ್ನು ಒಂದರ ಬೆನ್ನಿಗೊಂದು ಎರಡು ಬಾರಿ ಸುತ್ತಿದರು: ನಲವತ್ತೈದೂವರೆ ಗಂಟೆ. 1979ರಿಂದ ಉಳಿದಿದ್ದ ರೋಜರ್ ಬೌಮೈಸ್ಟರ್ ಅವರ ಸಮಯಕ್ಕಿಂತ ಒಂದು ಗಂಟೆ ಬೇಗ.

ಇನ್ನು ಜ್ಯಾಸ್ಮಿನ್ ಪ್ಯಾರಿಸ್. ವೃತ್ತಿಯಲ್ಲಿ ಪಶುವೈದ್ಯೆ. 2019ರ ಜನವರಿಯ ಚಳಿಯಲ್ಲಿ, 431 ಕಿಲೋಮೀಟರಿನ ಸ್ಪೈನ್ ರೇಸ್‌ನಲ್ಲಿ, 14 ತಿಂಗಳ ಮಗಳಿಗಾಗಿ ನಿಲುಗಡೆಗಳಲ್ಲಿ ಎದೆಹಾಲು ತೆಗೆಯುತ್ತಾ ಓಡಿದರು. 83 ಗಂಟೆ 12 ನಿಮಿಷಕ್ಕೆ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದಾಗ ಹಳೆಯ ದಾಖಲೆಗಿಂತ 12 ಗಂಟೆ ಮುಂದಿದ್ದರು. 2024ರಲ್ಲಿ ಅಮೆರಿಕದ ಬಾರ್ಕ್ಲಿ ಮ್ಯಾರಥಾನ್ಸ್ ಮುಗಿಸಿದ ಮೊದಲ ಮಹಿಳೆಯೂ ಇವರೇ. ಅರವತ್ತು ಗಂಟೆಯ ಗಡುವಿಗೆ ಉಳಿದಿದ್ದದ್ದು 99 ಸೆಕೆಂಡು.

ತಪ್ಪು ಕಲ್ಪನೆ: ದೂರ ಹೆಚ್ಚಾದಂತೆ ಹೆಂಗಸರು ಗಂಡಸರನ್ನು ಹಿಂದಿಕ್ಕುತ್ತಾರೆ.

ಸತ್ಯ: ಇದೇ ಆ ಹೊಸ ಸುಳ್ಳು. ಸ್ಪೈನ್ ಗೆಲುವಿನ ಸುದ್ದಿಯಿಂದ ಇದಕ್ಕೆ ರೆಕ್ಕೆ ಬಂತು. ಒಬ್ಬ ಅಸಾಮಾನ್ಯ ಓಟಗಾರ್ತಿಯ ಗೆಲುವನ್ನು ಇಡೀ ಹೆಣ್ಣುಕುಲದ ದೇಹಗುಣ ಎಂದುಬಿಟ್ಟರೆ ಅವಳ ಪರಿಶ್ರಮಕ್ಕೇ ಬೆಲೆ ಇಲ್ಲವಾಗುತ್ತದೆ. ಗಂಡಸರ ಸಮಯಗಳನ್ನೂ ನೋಡಿ: 2024ರಲ್ಲಿ ಜ್ಯಾಕ್ ಸ್ಕಾಟ್ ಅದೇ ಸ್ಪೈನ್ ಅನ್ನು 73 ಗಂಟೆಯೊಳಗೆ ಮುಗಿಸಿದರು. ಬಾಬ್ ಗ್ರಹಾಂ ರೌಂಡ್‌ಗೆ ಮಕ್ಕಳ ವೈದ್ಯೆ ಬೆತ್ ಪ್ಯಾಸ್ಕಲ್ 2020ರಲ್ಲಿ ತೆಗೆದುಕೊಂಡದ್ದು 14 ಗಂಟೆ 34 ನಿಮಿಷ. ಜ್ಯಾಕ್ ಕುಂಜ್ಲಿ 2022ರಲ್ಲಿ 12 ಗಂಟೆ 23 ನಿಮಿಷ. ಅಂತರವೇನೋ ಇದೆ. ಆದರೆ ಬೆತ್ ಓಡುತ್ತಿದ್ದದ್ದು ಜ್ಯಾಸ್ಮಿನ್ ಪ್ಯಾರಿಸ್ 2016ರಲ್ಲಿ ಬರೆದ 15 ಗಂಟೆ 24 ನಿಮಿಷದ ದಾಖಲೆಯನ್ನು ಬೆನ್ನಟ್ಟಿ.

ನನ್ನ ಮಟ್ಟಿಗೆ ನೋಡಬೇಕಾದ ಪೈಪೋಟಿ ಅದು, ಹೆಂಗಸರ ನಡುವಿನದು. ಬೆನ್ ನೆವಿಸ್‌ನಲ್ಲಿ ಪಾಲೀನ್ ಸ್ಟುವರ್ಟ್ 1984ರಲ್ಲಿ ಸ್ಥಾಪಿಸಿದ ಮಹಿಳಾ ದಾಖಲೆ 34 ವರ್ಷ ಯಾರ ಕೈಗೂ ಸಿಗಲಿಲ್ಲ. 2018ರಲ್ಲಿ ವಿಕ್ಟೋರಿಯಾ ವಿಲ್ಕಿನ್ಸನ್ ಅದನ್ನು ಮುರಿದರು, ಬರೀ 24 ಸೆಕೆಂಡಿನಿಂದ.