ಬೆಟ್ಟದ ಹಾದಿಯಲ್ಲಿ ದೇಣಿಗೆಯ ಓಟ
ಮೈಸೂರು: ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವುದು ನಗರದ ಹಲವರಿಗೆ ಹರಕೆ, ಕೆಲವರಿಗೆ ವ್ಯಾಯಾಮ. ಇಂಥ ಶ್ರಮ ದೇಣಿಗೆ ಸಂಗ್ರಹದ ಮಾರ್ಗವೂ ಆಗಬಲ್ಲದು ಎಂಬುದಕ್ಕೆ ‘ಟ್ರೇಲ್‌ವಾಕರ್’ ನಿದರ್ಶನ.

1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಇದು ಆರಂಭಗೊಂಡಿತು. 1986ರಲ್ಲಿ ಆಕ್ಸ್‌ಫ್ಯಾಮ್ ಸಂಸ್ಥೆ ಕೈಜೋಡಿಸಿತು. ಸಾರ್ವಜನಿಕರಿಗೂ ಅವಕಾಶ ದೊರೆಯಿತು. 2012ರಲ್ಲಿ ಬೆಂಗಳೂರಿನಲ್ಲೂ ನಡೆಯಿತು. ಮೂಲ ನಿಯಮದಂತೆ ನಾಲ್ವರ ತಂಡ 100 ಕಿ.ಮೀ. ಹಾದಿಯನ್ನು 48 ಗಂಟೆಗಳೊಳಗೆ ಕ್ರಮಿಸಬೇಕು. ಜೊತೆಗೆ ಬಂಧು-ಮಿತ್ರರಿಂದ, ಸಹೋದ್ಯೋಗಿಗಳಿಂದ ದೇಣಿಗೆ ಸಂಗ್ರಹಿಸಬೇಕು. ಪರಿಚಿತರೊಬ್ಬರು ಪಡುವ ಕಷ್ಟವೇ ದಾನಿಯ ಮನಸ್ಸನ್ನು ಕರಗಿಸುತ್ತದೆ.

ಆದರೆ ಓಟಗಳ ಪ್ರವೇಶ ಶುಲ್ಕವೆಲ್ಲ ದೇಣಿಗೆಯಲ್ಲ. ನೀರು, ವೈದ್ಯಕೀಯ ನೆರವು, ಹಾದಿಯ ಗುರುತುಗಳಿಗೆ ಸಾಮಾನ್ಯವಾಗಿ ಅದರಿಂದಲೇ ವೆಚ್ಚವಾಗುತ್ತದೆ. ಆದ್ದರಿಂದ ದಾನಿಗಳು ಹಣ ಸೇರುವ ಸಂಸ್ಥೆಯ ಹೆಸರಿನಲ್ಲೇ ರಸೀದಿ ಪಡೆಯುವುದು ಒಳಿತು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆ ವಿನಾಯಿತಿಯೂ ಸಿಗದು.

ಓಡುವವರಿಗೂ ಎಚ್ಚರ ಅಗತ್ಯ. ಚಾಮುಂಡಿ ಬೆಟ್ಟ ನಗರದಿಂದ ಏರುವುದು ಸುಮಾರು 300 ಮೀಟರ್ ಮಾತ್ರ. ದೀರ್ಘ ಓಟದ ಸಿದ್ಧತೆಗೆ ಅದನ್ನು ಹಲವು ಬಾರಿ ಹತ್ತಿಳಿಯಬೇಕು. ಏರುವಾಗ ಉಸಿರಿಗೆ ಪರೀಕ್ಷೆಯಾದರೆ, ಇಳಿಯುವಾಗ ಮಂಡಿ, ತೊಡೆಗಳಿಗೆ ಪೆಟ್ಟು. ಇಳಿಯುವುದನ್ನೂ ಅಭ್ಯಾಸ ಮಾಡಿದವರಷ್ಟೇ ದಾನಿಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಬಲ್ಲರು.