ಮೆನು ಕಾರ್ಡಿನ ಬಣ್ಣ, ತಟ್ಟೆಯ ಬಣ್ಣ



ಹಿಂದೆ ಗಿರಾಕಿ ಒಳಗೆ ಬಂದು, ಪಕ್ಕದ ಟೇಬಲಿನ ತಟ್ಟೆ ನೋಡಿ ಆರ್ಡರ್ ಕೊಡುತ್ತಿದ್ದ. ಈಗ ಮೊಬೈಲಿನಲ್ಲಿ ಫೋಟೊ ನೋಡಿ ಮನೆಯಿಂದಲೇ ತರಿಸಿಕೊಳ್ಳುತ್ತಾನೆ. ಫೋಟೊ ಚೆನ್ನಾಗಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು ಚೆನ್ನಾಗಿರಬೇಕು? ಇದಕ್ಕೆ ಉತ್ತರವನ್ನು ನಾನು ಪೆಟ್ಟು ತಿಂದೇ ಕಲಿತೆ.

ಕೆಲವು ವರ್ಷಗಳ ಹಿಂದೆ ನಮ್ಮ ಹೋಟೆಲಿಗೆ ಹೊಸ ಮೆನು ಕಾರ್ಡ್ ಮಾಡಿಸಿದೆ. ಡಿಸೈನ್ ಮಾಡಿದ ಹುಡುಗ ಗೋಬಿ ಮಂಚೂರಿಯ ಕೆಂಪನ್ನು ಕಂಪ್ಯೂಟರಿನಲ್ಲಿ ಏರಿಸಿದ್ದ. ನೋಡಲು ಭರ್ಜರಿಯಾಗಿತ್ತು, ನಾನೂ ಒಪ್ಪಿದೆ. ವಾರದೊಳಗೆ ಗಿರಾಕಿಗಳು ಕಾರ್ಡನ್ನು ತಟ್ಟೆಯ ಪಕ್ಕ ಹಿಡಿದು ಕೇಳತೊಡಗಿದರು. ಕೊನೆಗೆ ಚೈನೀಸ್ ಮಾಡುವ ಹುಡುಗ ಬಂದು, "ಧಣಿ, ಸ್ವಲ್ಪ ಕಲರ್ ಹಾಕುವುದಾ?" ಎಂದ. ಆಗ ನನಗೆ ಎಚ್ಚರವಾಯಿತು. ಫೋಟೊಗೆ ಹಚ್ಚಿದ ಬಣ್ಣ ಅಡುಗೆಮನೆಗೆ ಇಳಿಯುವುದು ಹೀಗೆ.

ತಪ್ಪು ಬೆಳಕಿನದು

ಹಾಗೆಂದು ಫೋಟೊ ತಿದ್ದಲೇಬಾರದು ಎಂದಲ್ಲ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊದಲ್ಲಿ ದೋಸೆ ಹಸಿರು ಛಾಯೆಗೆ ತಿರುಗುತ್ತದೆ. ಹಳದಿ ಬಲ್ಬಿನಡಿ ಇಡ್ಲಿ ಅರಸಿನ ಹಾಕಿದಂತೆ ಕಾಣುತ್ತದೆ. ಇದು ಭಟ್ಟರ ತಪ್ಪಲ್ಲ, ಬೆಳಕಿನದು. ಮೊದಲು ವೈಟ್ ಬ್ಯಾಲೆನ್ಸ್ ಸರಿಪಡಿಸಿ. ಬಿಳಿ ತಟ್ಟೆ ಬಿಳಿಯಾಗಿ ಕಂಡರೆ ಅರ್ಧ ಕೆಲಸ ಮುಗಿದಂತೆ. ಕಿಟಕಿಯ ಪಕ್ಕ ಹಗಲು ಬೆಳಕಿನಲ್ಲೇ ತೆಗೆದರೆ ಇನ್ನೂ ಒಳ್ಳೆಯದು.

ಒಂದೊಂದೇ ಬಣ್ಣ ತಿದ್ದುವುದು

ಕೆಲವೊಮ್ಮೆ ಇಷ್ಟರಿಂದ ಆಗುವುದಿಲ್ಲ. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಟ್ಯೂಬ್‌ಲೈಟ್ ಇದ್ದರೆ ಇಡ್ಲಿ ಸರಿಯಾಗುವಷ್ಟರಲ್ಲಿ ಸಾಂಬಾರ್ ಬೂದಿ ಬಣ್ಣಕ್ಕೆ ಬರುತ್ತದೆ. ಆಗ ಇಡೀ ಫೋಟೊ ಮುಟ್ಟದೆ ಬೇಕಾದ ಬಣ್ಣವನ್ನು ಮಾತ್ರ ತಿದ್ದಬೇಕು.

ಫೋಟೊಶಾಪಿನಲ್ಲಿ ಇದಕ್ಕಾಗಿಯೇ 'ಸೆಲೆಕ್ಟಿವ್ ಕಲರ್' ಇದೆ. ಕೆಂಪು, ಹಳದಿ, ಹಸಿರು ಮುಂತಾದ 6 ಬಣ್ಣಗಳು, ಜೊತೆಗೆ ಬಿಳಿ, ಬೂದು, ಕಪ್ಪು. ಹೀಗೆ ಒಟ್ಟು 9 ವಿಭಾಗಗಳು. ದೋಸೆಯ ಹಸಿರು ಛಾಯೆ ಹೋಗಬೇಕಿದ್ದರೆ ಹಳದಿ ವಿಭಾಗ ಆರಿಸಿ, ಸಯಾನ್ ಸ್ವಲ್ಪ ಇಳಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಕೊತ್ತಂಬರಿ ಸೊಪ್ಪು, ಬಾಳೆಲೆ ನಮ್ಮ ಕಣ್ಣಿಗೆ ಹಸಿರಾದರೂ ಫೋಟೊದಲ್ಲಿ ಅವುಗಳ ಬಹುಪಾಲು ಹಳದಿ ವಿಭಾಗದಲ್ಲೇ ಇರುತ್ತದೆ. ದೋಸೆ ಹೊಂಬಣ್ಣಕ್ಕೆ ಬರುವಾಗ ಬಾಳೆಲೆ ಒಣಗಿದಂತೆ ಕಾಣುವುದು ಇದರಿಂದಲೇ. ಅದಕ್ಕೆ ಬದಲಾವಣೆಯನ್ನು ಬೇರೆ ಲೇಯರಿನಲ್ಲಿ ಮಾಡಿ, ಮಾಸ್ಕ್ ಹಾಕಿ ದೋಸೆಗೆ ಮಾತ್ರ ತಾಗುವಂತೆ ಮಾಡಬೇಕು. ಮೂಲ ಫೋಟೊ ಹಾಗೆಯೇ ಉಳಿಯುತ್ತದೆ.

ಕಂಪ್ಯೂಟರ್ ಇಲ್ಲದವರಿಗೆ ಮೊಬೈಲ್ ಸಾಕು. ಸ್ನ್ಯಾಪ್‌ಸೀಡಿನ 'ಸೆಲೆಕ್ಟಿವ್'ನಲ್ಲಿ ಬೇಕಾದ ಜಾಗಕ್ಕೆ ಬೆರಳಿಟ್ಟು ಅಷ್ಟಕ್ಕೇ ಬೆಳಕು, ಬಣ್ಣದ ಗಾಢತೆ ಹೆಚ್ಚು ಕಡಿಮೆ ಮಾಡಬಹುದು. ಲೈಟ್‌ರೂಮಿನಲ್ಲಿ 8 ಬಣ್ಣಗಳನ್ನು ಪ್ರತ್ಯೇಕವಾಗಿ ತಿದ್ದಬಹುದು. ವಡೆ, ಬೋಂಡಾದಂಥ ಕರಿದ ತಿಂಡಿಗಳ ಬಣ್ಣ ಹೆಚ್ಚಾಗಿ ಕಿತ್ತಳೆ ವಿಭಾಗದಲ್ಲಿ ಸಿಗುತ್ತದೆ.

ತಿದ್ದುವಾಗ ಬಿಸಿಬಿಸಿ ತಟ್ಟೆಯನ್ನು ಎದುರಿಗೇ ಇಟ್ಟುಕೊಳ್ಳಿ. ನೆನಪಿನಿಂದ ತಿದ್ದಿದರೆ ಕೈ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಮುದ್ರಣಕ್ಕೆ ಕೊಡುವ ಮುನ್ನ ಒಂದು ಪ್ರೂಫ್ ತರಿಸಿ ನೋಡಿ. ಪರದೆಯ ಮೇಲೆ ಹೊಳೆಯುವ ಹಸಿರು, ಕೆಂಪು ಕಾಗದದ ಮೇಲೆ ಮಂಕಾಗುತ್ತವೆ.

ಗೆರೆ ಎಲ್ಲಿ?

ಬೆಳಕು ಕೆಡಿಸಿದ್ದನ್ನು ಸರಿಪಡಿಸುವುದು ತಿದ್ದುಪಡಿ. ಅಡುಗೆಯಲ್ಲಿ ಇಲ್ಲದ್ದನ್ನು ಸೇರಿಸುವುದು ಸುಳ್ಳು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಕಲಮಿನ ಪ್ರಕಾರ, ಆಹಾರದ ಗುಣಮಟ್ಟದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡವಿದೆ.

ಅದಕ್ಕಿಂತ ದೊಡ್ಡ ಅಪಾಯ ತಟ್ಟೆಯಲ್ಲಿದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಚಿಕನ್, ಮೀನಿನ ಕಬಾಬಿನ ಸರದಿ ಬಂತು. ನಾವು ಮುಂಬಯಿ, ಪುಣೆಯಲ್ಲಿದ್ದೇವೆ, ನಮಗೇನು ಎನ್ನುವಂತಿಲ್ಲ. ಬಣ್ಣ ಹೊಟ್ಟೆಗೆ ಹೋದ ಮೇಲೆ ಊರು ಯಾವುದಾದರೇನು? ಆ ತಟ್ಟೆ ಹೆಚ್ಚಾಗಿ ಮಕ್ಕಳ ಮುಂದಿರುತ್ತದೆ.

ನಾನು ಆ ಕಾರ್ಡುಗಳನ್ನು ರದ್ದಿಗೆ ಹಾಕಿ, ಫೋಟೊ ಮತ್ತೆ ತೆಗೆಸಿದೆ. ಖರ್ಚಾಯಿತು, ಆದರೆ ಗಿರಾಕಿಯ ತಕರಾರು ನಿಂತಿತು. ಹುಡುಗನಿಗೆ ಬಣ್ಣದ ಡಬ್ಬಿಯ ಬದಲು ಬ್ಯಾಡಗಿ ಮೆಣಸು ತಂದುಕೊಟ್ಟೆ. ಖಾರ ಕಡಿಮೆ, ಕೆಂಪು ಜಾಸ್ತಿ. ಈಗ ಕಾರ್ಡಿನಲ್ಲಿರುವುದು ಆ ಕೆಂಪು. ಅದನ್ನು ತಿದ್ದುವ ಅಗತ್ಯ ಬಿದ್ದಿಲ್ಲ.