ಹೋರಿ ಓಡುವಾಗ ಎಲ್ಲಿ ನಿಲ್ಲಬೇಕು?

ಹಂಸಭಾವಿ ಸೀಮೆಯಲ್ಲಿ ದೀಪಾವಳಿ ಅಂದರೆ ಹೋರಿ ಹಬ್ಬ. ಮೈತುಂಬ ಒಣಕೊಬ್ಬರಿ ಹಾರ, ಕೋಡಿಗೆ ಬಲೂನು, ರಿಬ್ಬನ್ನು. ಅಖಾಡಕ್ಕೆ ಬಿಟ್ಟ ಹೋರಿ ಎರಡು ಸಾಲು ಜನರ ನಡುವೆ ನುಗ್ಗುತ್ತದೆ, ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಕ್ಯಾಮೆರಾ ಹಿಡಿದವನ ಪಾಲಿಗೆ ಸಿಗುವುದು ಮೂರ್ನಾಲ್ಕು ಸೆಕೆಂಡು.

ಕೈಗೆ ಹಳೆಯ ಕ್ಯಾಮೆರಾ ಬಂದ ವರ್ಷ ನಾನು ಒಂದೇ ದಿನ ನೂರಾರು ಚಿತ್ರ ಹೊಡೆದೆ. ಮನೆಗೆ ಬಂದು ನೋಡಿದರೆ ಬಾಲ, ಯಾರದೋ ಮೊಣಕೈ, ಉಳಿದದ್ದು ಧೂಳು. ಲೆನ್ಸು ಸರಿಯಿಲ್ಲ ಅಂದುಕೊಂಡೆ. ಹವ್ಯಾಸಿಗಳೆಲ್ಲ ಮೊದಲು ಬೈಯುವುದು ಲೆನ್ಸನ್ನೇ.

ತಪ್ಪು ಬೇರೆ ಕಡೆ ಇತ್ತು: ಬೆಳಕಿನಲ್ಲಿ, ಶಟರಿನಲ್ಲಿ, ನಾನು ನಿಂತ ಜಾಗದಲ್ಲಿ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ಲೋಕವೆಲ್ಲ ನಡುಬೂದು. ಬಿಳಿ ಹೋರಿ ಚೌಕಟ್ಟು ತುಂಬಿದರೆ ಬೆಳಕು ಜಾಸ್ತಿಯಾಯಿತೆಂದು ತಗ್ಗಿಸುತ್ತದೆ, ಹೋರಿ ಮಾಸಿದ ಧೋತರದಂತೆ ಕಾಣುತ್ತದೆ. ಕರಿ ಹೋರಿ ಬಂದರೆ ಏರಿಸುತ್ತದೆ, ಎಣ್ಣೆ ಹಚ್ಚಿ ಮಿಂಚಿಸಿದ ಮೈಗೆ ಬೂದಿ ಬಳಿದ ಹಾಗಾಗುತ್ತದೆ. ಆದ್ದರಿಂದ ಬಿಳಿಗೆ ನಾವೇ ಒಂದು ಹಂತ ಏರಿಸಬೇಕು, ಕರಿಗೆ ಒಂದು ಹಂತ ಇಳಿಸಬೇಕು. ಮೊಬೈಲಿನಲ್ಲೂ ಅಷ್ಟೇ: ಪರದೆಯ ಮೇಲಿನ ಹೋರಿಯನ್ನು ಬೆರಳಿಂದ ಒತ್ತಿ ಹಿಡಿದು, ಬೆಳಕಿನ ಗುರುತನ್ನು ಮೇಲೆ ಕೆಳಗೆ ಸರಿಸಿದರೆ ಸಾಕು. ಶಟರ್ ಸೆಕೆಂಡಿನ 1000ನೇ ಒಂದು ಭಾಗಕ್ಕಿಟ್ಟರೆ ನೆಗೆದ ಗೊರಸು ಗಾಳಿಯಲ್ಲೇ ನಿಲ್ಲುತ್ತದೆ. 60ನೇ ಒಂದು ಭಾಗಕ್ಕಿಳಿಸಿ, ಹೋರಿಯ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಜನಸಾಲು ಬಣ್ಣದ ಗೆರೆಯಾಗಿ ಹರಿದು ಹೋರಿಯೊಂದೇ ಎದ್ದು ಕಾಣುತ್ತದೆ. ಈ ಎರಡನೆಯದು ನನಗೆ ಹತ್ತರಲ್ಲಿ ಒಂದು ಸಲವೂ ಕೂಡಿಬರುವುದಿಲ್ಲ. ಆದರೂ ಅದೇ ಹುಚ್ಚು.

ಕೈ ಕಟ್ಟಿಹಾಕಿಕೊಳ್ಳುವುದನ್ನು ಕಲಿತದ್ದು ಹಿರಿಯರ ಚಿತ್ರ ನೋಡಿ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಕಪ್ಪುಬಿಳುಪಿನಲ್ಲಿ ಸಾಮಾನ್ಯ ಜನರ ಬದುಕನ್ನೇ ಹಿಡಿದವರು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದ ಹಕ್ಕಿಗಳ ಹಿಂದೆ ಕ್ಯಾಮೆರಾ ಹೊತ್ತು ಅಲೆದವರು. ಅವರ ಕಾಲದ ಸಣ್ಣ ಕ್ಯಾಮೆರಾದ ರೋಲಿಗೆ 36 ಚಿತ್ರ, ಅದೂ ತೊಳೆದು ಬರುವವರೆಗೆ ಏನು ಬಿದ್ದಿದೆಯೋ ಗೊತ್ತಿಲ್ಲ. ನಾನೂ ದಿನಕ್ಕೆ 36 ಎಂದು ನೇಮ ಹಾಕಿಕೊಂಡೆ. ಬೆರಳು ಸುಮ್ಮನಾದ ಮೇಲೆ ಕಾಲು ಕೆಲಸ ಶುರುಮಾಡಿತು.

ಅಗಸಿ ಹತ್ತಿರ ಒಂದು ವೀರಗಲ್ಲಿದೆ. ನಡುಮಧ್ಯಾಹ್ನ ಅದು ಬರೀ ಚಪ್ಪಟೆ ಕಲ್ಲು. ಬೆಳಿಗ್ಗೆ ಏಳರ ಎಳೆಬಿಸಿಲು ಅಡ್ಡಕ್ಕೆ ಬಿದ್ದಾಗ ಕುದುರೆಯ ಕಡಿವಾಣ, ವೀರನ ಬೆರಳು, ಸವೆದ ಅಕ್ಷರದ ಅಂಚು ಒಂದೊಂದಾಗಿ ಮೇಲೇಳುತ್ತವೆ. ಹತ್ತು ನಿಮಿಷ ತಡವಾದರೆ ಪಕ್ಕದ ಬೇವಿನ ನೆರಳು ಬಂದು ಎಲ್ಲವನ್ನೂ ನುಂಗುತ್ತದೆ. ಅದೇ ಕಲ್ಲಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ದನ ಹೊಡೆದುಕೊಂಡು ಹೋಗುವವರು ನಿಧಿ ಹುಡುಕುವವನೇನೋ ಎಂದು ಅನುಮಾನದಿಂದ ನೋಡಿದ್ದೂ ಉಂಟು.

ಮುಂದಿನ ಹಬ್ಬಕ್ಕೆ ಹೊತ್ತು ನೋಡಿ, ಬೆಳಕು ನನ್ನ ಹೆಗಲ ಮೇಲಿಂದ ಬೀಳುವ ಕಡೆ, ತಡೆಗೋಡೆಯ ಹಿಂದೆ ನಿಂತೆ. ಆದರೂ ಒಂದು ಹೆಜ್ಜೆ ಮುಂದಿಟ್ಟಿದ್ದೆ. ಹಿರಿಯರೊಬ್ಬರು ಅಂಗಿ ಹಿಡಿದು ಎಳೆದರು: "ಎದುರಿಗೆ ನಿಂದ್ರಬ್ಯಾಡ್ರೀ. ಹೋರಿ ಬಂತಂದ್ರ ಫೋಟೋನೂ ಇರೂದಿಲ್ಲ, ನೀವೂ ಇರೂದಿಲ್ಲ."

ಆ ಸಲ ನಾಲ್ಕೂ ಕಾಲು ನೆಲ ಬಿಟ್ಟ ಒಂದು ಚಿತ್ರ ಸಿಕ್ಕಿತು. ಹೆಮ್ಮೆಯಿಂದ ಹೋರಿಯ ಮಾಲೀಕರಿಗೆ ತೋರಿಸಿದೆ. ಅವರು ಬೆರಳಿಂದ ಸರಿಸಿ ಸರಿಸಿ, ಓಟ ಮುಗಿದ ಮೇಲೆ ನಾನು ಹಾಗೇ ಹೊಡೆದಿದ್ದ, ಹೋರಿ ಏದುಸಿರು ಬಿಡುತ್ತ ನಿಂತ ಚಿತ್ರಕ್ಕೆ ಬಂದು ನಿಂತರು. ಹಾರದ ಒಂದು ಎಳೆಯೂ ಹರಿದಿರಲಿಲ್ಲ.

"ಇದನ್ನ ದೊಡ್ಡದು ಮಾಡಿಸಿ ಕೊಡ್ರೀ," ಅಂದರು. "ಕೊಬ್ಬರಿ ಎಣಿಸೂ ಹಂಗ ಬಂದೈತಿ."